ಹತ್ತಕ್ಕ ಎಷ್ಟು ನೋವು

"ಹುಡುಗಗ ಬ್ಲಾಕ್ ಐತಂತ" ಎಂಬ ಖಬರು ಬೆಳಿಗ್ಗೆ ಶಿರಹಟ್ಟಿ ಮುಟ್ಟಿದಾಗ ತಸ್ಲೀಮ ಯಾರದೋ ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದಳು. ಹುಡುಗ ಎಂದರೆ ಅವಳನ್ನು ಮದುವೆಯಾಗಲಿದ್ದ ಇಲಿಯಾಸ.

ನ್ಯುಮೋನಿಯಾ ಆಗಿ ಅವನ ಎದೆಯಲ್ಲಿ ಕೀವು ತುಂಬಿತ್ತು. ನಿನ್ನೆ ಸಂಜೆ ಗದಗಿನಲ್ಲಿ ಮೂರು ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ ಆಪರೇಶನ್ ಮಾಡಿದ್ದರು. ಎಲ್ಲ ಸುಸೂತ್ರ ಆಯಿತೆಂದು ಹೇಳಲು ಫೋನ್ ಮಾಡಿದ ಅವನ ತಾಯಿ ದಿಲಶಾದಬಿ, "ಡಾಕ್ಟರು ಅದೇನೋ ಬ್ಲಾಕ್ ಅಂದ್ರು" ಎಂದೂ ಸೇರಿಸಿಬಿಟ್ಟಿದ್ದಳು. ಬ್ಲಾಕ್ ಎಂದರೆ ಊರಿಗೆಲ್ಲ ಗೊತ್ತಿರುವುದು ಒಂದೇ, ಹೃದಯದ್ದು. ತಸ್ಲೀಮಳ ಅಪ್ಪ ಖಾಸಿಂಸಾಬ ಅಷ್ಟು ಕೇಳಿದ್ದೇ ಫೋನ್ ಇಟ್ಟ.

"ಈ ನಿಖಾ ಬ್ಯಾಡ. ಸಂಜಿಗೆ ಮಾತು ಮುರದ್ಬಿಡ್ತೀನಿ."

"ಸಂಜಿ ತನಕ ತಡಿಯಪ್ಪಾ. ನಾ ಹೋಗಿ ನೋಡಿ ಬರ್ತೀನಿ."

ಇಲಿಯಾಸನನ್ನು ಅವಳು ಕಂಡಿದ್ದು ಒಂದೇ ಸಲ. ಲಕ್ಷ್ಮೇಶ್ವರದಲ್ಲಿ ಗಾದಿ ಅಂಗಡಿ ಇಟ್ಟವನು, ಹೆಣ್ಣು ನೋಡಲು ಬಂದಾಗ ಕೂದಲಲ್ಲಿ ಹತ್ತಿಯ ಎಳೆ ಸಿಕ್ಕಿಸಿಕೊಂಡೇ ಬಂದಿದ್ದ. ಅದನ್ನು ತೆಗೆಯಲು ಇವಳ ಕೈ ತುರಿಸಿದ್ದು ಅವನಿಗೆ ಹೇಗೋ ಗೊತ್ತಾಗಿ, ಚಹಾದ ಕಪ್ಪಿನ ಮೇಲಿಂದ ನಕ್ಕಿದ್ದ. ಆ ನಗುವನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ.

ಚಿಗವ್ವ ಮೋತಿಬಿಯನ್ನು ಕರೆದುಕೊಂಡು ಗದಗಿನ ಬಸ್ಸು ಹತ್ತಿದಳು. ವಾರ್ಡಿನ ಬಾಗಿಲಲ್ಲೇ ಅರಿವಳಿಕೆ ಡಾಕ್ಟರ್ ವಿಶ್ರುತ ಸಿಕ್ಕರು.

"ಸರ್, ಇಲಿಯಾಸ ಅವರಿಗೆ ಬ್ಲಾಕ್ ಎಲ್ಲೈತ್ರಿ?"

"ಬೆನ್ನಾಗ."

"ಹೃದಯದಾಗ ಅಲ್ಲೇನ್ರಿ?"

ಡಾಕ್ಟರು ನಕ್ಕರು. "ಅದು ರೋಗ ಅಲ್ಲವ್ವಾ, ನಾನ ಕೊಟ್ಟದ್ದು. ಪಕ್ಕೆಲುಬಿನ ನರದ ಬಾಜೂಕ ಔಷಧ ಬಿಟ್ರ ನೋವಿನ ಸುದ್ದಿ ಮ್ಯಾಲೆ ಹೋಗಂಗಿಲ್ಲ. ದಾರಿ ಬ್ಲಾಕ್."

"ಸೂಜಿ ನರಕ್ಕ ಚುಚ್ಚಿದ್ರ?"

"ಸ್ಕ್ಯಾನಿಂಗ್ ಮಿಷಿನ್ನಿನಾಗ ನೋಡ್ಕೋತನ ಹಾಕ್ತೀವಿ."

"ಎಷ್ಟು ಹೊತ್ತು ಇರ್ತೈತ್ರಿ?"

"ಈಗ ಇಳಿಯೂ ಹೊತ್ತು. ಬೆನ್ನಿಗೆ ಸಣ್ಣ ನಳಿಗಿ ಬಿಟ್ಟೀವಿ, ಬೇಕಾದ್ರ ಮತ್ತ ಔಷಧ ಹಾಕಬಹುದು. ಆದ್ರ ಅವರು ನೋವು ಅಂತ ಹೇಳಬೇಕಲ್ಲ. ನೋವು ತಡ್ಕೊಂಡು ಕುಂತ್ರ ಕೆಮ್ಮಾಕಾಗಂಗಿಲ್ಲ, ಎದ್ಯಾಗ ಕಫ ಕುಂಡ್ರತೈತಿ."

ಒಳಗೆ ಇಲಿಯಾಸ ದಿಂಬಿಗೆ ಒರಗಿದ್ದ. ಇವಳನ್ನು ಕಂಡದ್ದೇ ನೆಟ್ಟಗಾದ. ದಿಲಶಾದಬಿಯೂ ಮೋತಿಬಿಯೂ ಕಿಟಕಿಯ ಹತ್ತಿರ ಸರಿದರು. ನರ್ಸ್ ಬಂದು ಕೇಳಿದಳು, "ಹತ್ತಕ್ಕ ನೋವು ಎಷ್ಟ್ರಿ?"

"ಸೊನ್ನಿ," ಎಂದ, ತಸ್ಲೀಮಳನ್ನು ನೋಡುತ್ತಾ. ನರ್ಸ್ ಬರೆದುಕೊಂಡು ಹೋದಳು.

ಆದರೆ ಅವನ ಕೈ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು. ಉಸಿರೂ ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ.

"ಒಮ್ಮಿ ಕೆಮ್ರಿ."

"ಕೆಮ್ಮು ಕೇಳಾಕ ಶಿರಹಟ್ಟಿಯಿಂದ ಬಂದ್ರೇನು?"

"ಹೂಂನ್ರಿ. ಕೆಮ್ರಿ."

ಅರ್ಧಕ್ಕೇ ನಿಲ್ಲಿಸಿದ. ಮುಖ ಬಿಳಿಚಿತು, ತುಟಿ ಮಾತ್ರ ನಗುತ್ತಿತ್ತು. ಇದು ಅವಳು ಕಂಡಿದ್ದ ನಗುವಲ್ಲ.

"ನನಗ್ಯಾಕ ಸುಳ್ಳು ಹೇಳ್ತೀರಿ?"

ಇಲಿಯಾಸ ತಲೆ ತಗ್ಗಿಸಿದ. "ಬ್ಲಾಕ್ ಅಂದ ಕೂಡ್ಲೆ ನಿಮ್ಮಪ್ಪಾರು ಫೋನ್ ಇಟ್ರಂತ ಅವ್ವ ಹೇಳಿದ್ಲು. ಇನ್ನ ನೋವು ಅಂದ್ರ ಏನಂತಾರೋ. ನಿಮ್ಮನ್ನ ಕಳ್ಕೊಳ್ಳಾಕ ಆಗಂಗಿಲ್ಲ ನನಗ."

ತಸ್ಲೀಮಳಿಗೆ ಸಿಟ್ಟೂ ಬಂತು, ಪ್ರೀತಿಯೂ ಬಂತು. ಯಾವುದು ಮೊದಲು ಬಂತೋ ಅವಳಿಗೇ ತಿಳಿಯಲಿಲ್ಲ.

"ಅಪ್ಪನ್ನ ನಾ ನೋಡ್ಕೋತೀನಿ. ಈಗ ಖರೆ ಹೇಳ್ರಿ, ಎಷ್ಟು?"

"ಎಂಟು." ತಡೆದು ಹೇಳಿದ, "ಕೆಮ್ಮಿದ್ರ ಒಂಬತ್ತು."

ಅವಳೇ ಹೋಗಿ ಡಾಕ್ಟರನ್ನು ಕರೆತಂದಳು. ನಳಿಗೆಯಿಂದ ಔಷಧ ಇಳಿದು ಅರ್ಧ ಗಂಟೆಗೆಲ್ಲ ಇಲಿಯಾಸ ಎದೆ ತುಂಬ ಉಸಿರೆಳೆದು, ಪಕ್ಕದ ಮಂಚದವರು ತಿರುಗಿ ನೋಡುವಂತೆ ಕೆಮ್ಮಿದ. ಒಂದು ಕೆಮ್ಮಿಗೆ ತಸ್ಲೀಮಳಷ್ಟು ಖುಷಿಪಟ್ಟವರು ಆ ವಾರ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ.

ಅಪ್ಪನಿಗೆ ಫೋನ್ ಹಚ್ಚಿದಳು. "ಬ್ಲಾಕ್ ಅಂದ್ರ ನೋವು ತಡಿಯೂ ಔಷಧಂತಪಾ. ಹೃದಯ ಚಲೋ ಐತಿ."

"ಮತ್ತ ಹುಡುಗ?"

"ನೋವು ಐತಿ ಅಂತ ನನ್ನ ಮುಂದ ಬಾಯಿಬಿಟ್ಟು ಹೇಳಿದ್ರು. ನಂಗ ಇವರ ಬೇಕು. ನಿಖಾದ ತಾರೀಕು ಬದಲಿ ಮಾಡಬ್ಯಾಡ."

ಫೋನಿನ ಆ ಕಡೆ ಅಪ್ಪ ಗಂಟಲು ಸರಿಮಾಡಿಕೊಂಡ. "ಆತು ಬಿಡು," ಎಂದ.

ಇಲಿಯಾಸನ ಕಿವಿ ಕೆಂಪಗಾಗಿತ್ತು. "ಬಲಗೈ ಜೋಮು ಹಿಡದಂಗ ಆಗೈತ್ರಿ," ಎಂದ ಮೆಲ್ಲಗೆ. "ಒಮ್ಮಿ ಹಿಡಿದು ನೋಡ್ರಿ."

"ಔಷಧ ಪಕ್ಕೆಲುಬಿಗೆ ಹಾಕ್ಯಾರ. ಕೈಗೆ ಹತ್ತಂಗಿಲ್ಲ ಅದು."

"ಹೌದೇನ್ರಿ?"

"ಹೌದು," ಎಂದಳು ತಸ್ಲೀಮ. ಚಿಗವ್ವ ಇನ್ನೂ ಕಿಟಕಿಯ ಕಡೆಗೇ ತಿರುಗಿರುವುದನ್ನು ನೋಡಿಕೊಂಡು, ಅವನ ಕೈ ಹಿಡಿದಳು.