ಆರ್ಮೇನಿಯಾದ ಮಂತ್ರಿ ಕೊಟ್ಟ ಕೊಳಲು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ತಾಳಮಲೆಯ ದೊಡ್ಡಮಾದ ತಾಳವಾಡಿ ಠಾಣೆಯ ಮೆಟ್ಟಿಲು ಹತ್ತಿದ. ಎಪ್ಪತ್ತು ದಾಟಿದ ಮನುಷ್ಯ, ಹೊಚ್ಚ ಹೊಸ ಪಂಚೆ ಉಟ್ಟಿದ್ದ. ಕಾನ್‌ಸ್ಟೇಬಲ್ ಮಮತ ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಆರ್ಮೇನಿಯಾ ಮಂತ್ರಿ ಕೊಟ್ಟಿದ್ ಕೊಳ್ಲು ಕಳ್ತನ ಆಗದೆ ಕಣವ್ವ. ಶುಕ್ರವಾರ ನಾನು ಡೆಲ್ಲಿಗೋಗ್ಬೇಕು. ಬರಿಗೈಲಿ ಯೆಂಗೋಗ್ಲಿ?”

ಒಳಗಿದ್ದ ಇನ್ಸ್‌ಪೆಕ್ಟರ್ ಸೆಲ್ವರಾಜ್ ಎದ್ದು ಬಂದರು. ವಿಷಯ ಅವರಿಗೆ ಗೊತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ಗಾರೆಗಿನ್ ತೊರೋಸ್ಯಾನ್ ಎಂಬ ತರುಣ ದೆಹಲಿಯ ಆರ್ಮೇನಿಯಾ ರಾಯಭಾರ ಕಚೇರಿಯಲ್ಲಿ ಕೊನೆಯ ಸಾಲಿನ ಕಾರ್ಯದರ್ಶಿಯಾಗಿದ್ದ. ರಜೆಗೆಂದು ಬೆಟ್ಟಕ್ಕೆ ಬಂದವನು ತಾಳಮಲೆಯ ಒಂದು ಗುಡಿಸಲಲ್ಲಿ ತಿಂಗಳಿದ್ದು ಕೊಳಲು ಕಲಿತ. ಹೊರಡುವಾಗ ಗುರುವೂ ಶಿಷ್ಯನೂ ಕೊಳಲು ಬದಲಾಯಿಸಿಕೊಂಡರು. ಆಮೇಲೆ ಅವನು ದೇಶ ದೇಶ ಸುತ್ತಿದ, ರಾಯಭಾರಿಯಾದ, ಗಡಿ ಜಗಳದ ಮಾತುಕತೆಗಳಲ್ಲಿ ತನ್ನ ದೇಶದ ಪರವಾಗಿ ವರ್ಷಗಟ್ಟಲೆ ಕೂತ. ಈಗ ವಿದೇಶಾಂಗ ಮಂತ್ರಿ. ಈ ವಾರ ದೆಹಲಿಗೆ ಬರುವವನು ಬೆಟ್ಟದ ಗುರುವನ್ನು ನೋಡಬೇಕೆಂದು ಕೇಳಿದ್ದ. ರಸ್ತೆ ಕೇಳಿದರೆ ತಿರುಗಿಯೂ ನೋಡದ ಸರ್ಕಾರಿ ಜೀಪು ತಾಳಮಲೆಗೆ ಎರಡು ಸಲ ಬಂದು, ದೊಡ್ಡಮಾದನ ಹೆಸರು ಬರೆದುಕೊಂಡು ಹೋಗಿತ್ತು.

ಭಾರತೀಯ ನ್ಯಾಯ ಸಂಹಿತೆಯ ಕಲಂ 305ರಡಿ, ಮನೆಯೊಳಗಿನ ಕಳ್ಳತನವೆಂದು ಎಫ್‌ಐಆರ್ ದಾಖಲಾಯಿತು. ಹನ್ನೊಂದೂಕಾಲಿಗೆ ಸೆಲ್ವರಾಜ್, ಮಮತ ಸ್ಥಳದಲ್ಲಿದ್ದರು. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ ಖಾಲಿ. ಅದಕ್ಕೆ ಬೀಗವಿರಲಿಲ್ಲ. ಅಂಗಳದಲ್ಲಿ ಮಲಗಿದ್ದ ನಾಯಿ ಪೊಲೀಸರನ್ನು ಕಂಡು ಊರೆಲ್ಲ ಕೇಳುವಂತೆ ಬೊಗಳಿತು.

“ಯಾವಾಗ ಹೋಯ್ತು?” ಸೆಲ್ವರಾಜ್ ಕೇಳಿದರು.

“ನೆನ್ನೆ. ನಾವೆಲ್ಲ ದೇವ್ರತಕೆ, ಗುಡಿ ಪೂಜೆಗೆ ಓಗಿದ್ವಿ.”

“ನಾಯಿ ಬೊಗಳಿದ್ದು ಯಾರಾದ್ರೂ ಕೇಳಿದ್ರಾ?”

“ಇಲ್ಲ. ಪಕ್ಕದ್ ಮನೇಲಿ ನನ್ ತಮ್ಮನ್ ಎಂಡ್ರು ಜಡೆಯಮ್ಮ ಇದ್ಲು. ಗಂಡ ತೀರೋಗಿ ಇನ್ನೂ ವರ್ಸ ತುಂಬಿಲ್ಲ, ದೇವ್ರತಕೆ ಬರಂಗಿಲ್ಲ. ಅವ್ಳೂ ಏನೂ ಕೇಳ್ನಿಲ್ವಂತೆ.”

ಸೆಲ್ವರಾಜ್‌ಗೆ ಬೇರೆಯೇ ಅನುಮಾನವಿತ್ತು. ಹಳೆಯ ಸಾಮಾನು ಕೊಳ್ಳುವ ಒಬ್ಬ ಆಸಾಮಿ ದಿಂಬಂನಲ್ಲಿ ಆ ಕೊಳಲಿನ ಬಗ್ಗೆ ವಿಚಾರಿಸಿದ್ದನೆಂದು ಸುದ್ದಿ. ಜೀಪು ದಿಂಬಂಗೆ ಹೋಯಿತು. ಚಹಾ ಅಂಗಡಿಯವನು ಒಂದೇ ಮಾತಿನಲ್ಲಿ ಅನುಮಾನಕ್ಕೆ ತಣ್ಣೀರೆರಚಿದ. ಆ ಮನುಷ್ಯ ಗುರುವಾರವೇ ಸತ್ಯಮಂಗಲದ ಬಸ್ಸು ಹತ್ತಿದ್ದ. ಚೆಕ್‌ಪೋಸ್ಟಿನವರೂ ಅದನ್ನೇ ಹೇಳಿದರು.

ಚಹಾ ಬರುವವರೆಗೆ ಮಮತ ಮೊಬೈಲಿನಲ್ಲಿ ಮಂತ್ರಿಯ ಹೊಸ ಸಂದರ್ಶನ ಹುಡುಕಿ ತೆಗೆದಳು. ಮೇಜಿನ ಮೇಲೆ ಬಿದಿರಿನ ಕೊಳಲು ಇಟ್ಟುಕೊಂಡು ಅವನು ತನ್ನ ವೃತ್ತಿಯ ಕತೆ ಹೇಳುತ್ತಿದ್ದ. ಕೆಳಗೆ ಇಂಗ್ಲಿಷ್ ಸಾಲುಗಳು ಓಡುತ್ತಿದ್ದವು. ಮಮತ ಕನ್ನಡದಲ್ಲಿ ಹೇಳುತ್ತಾ ಹೋದಳು: “ಸಂಧಾನ ಕಲ್ಸಿದ್ದು ಯಾವ ಕಾಲೇಜೂ ಅಲ್ವಂತೆ ಸಾರ್. ಗುರುಗೆ ಎಡಗೈಲಿ ನಾಕೇ ಬೆರಳಂತೆ. ಬೆರಳು ಸಿಗದ ತೂತಿಗೆ ಜೇನುಮೇಣ ಮೆತ್ತಿ, ಉಳಿದ ತೂತಲ್ಲೇ ಊದ್ತಿದ್ನಂತೆ. ಇದ್ದುದ್ರಲ್ಲೇ ದಾರಿ ಹುಡ್ಕೋದು ಅಲ್ಲೇ ಕಲ್ತೆ ಅಂತಾನೆ.”

ಸೆಲ್ವರಾಜ್ ಲೋಟ ಕೆಳಗಿಟ್ಟರು. “ದೊಡ್ಡಮಾದನಿಗೆ ಬೆರಳೆಷ್ಟು?”

“ಬೆಳಿಗ್ಗೆ ಹೆಬ್ಬೆಟ್ಟು ಒತ್ತಿಸಿದ್ದು ನಾನೇ. ಎಲ್ಲಾ ನೆಟ್ಟಗವೆ.”

ಮಧ್ಯಾಹ್ನ ಮೂರಕ್ಕೆ ಅವರು ಮತ್ತೆ ತಾಳಮಲೆಯಲ್ಲಿದ್ದರು. ಜಡೆಯಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ದೊಡ್ಡಮಾದ ತನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನಾಯಿ ಅವಳ ಕಾಲ ಬುಡದಲ್ಲಿತ್ತು.

“ನಿಮ್ಮ ಗಂಡನಿಗೆ ಎಡಗೈಲಿ ಎಷ್ಟು ಬೆರಳು?” ಸೆಲ್ವರಾಜ್ ಕೇಳಿದರು.

ಮೊರ ನಿಂತಿತು. “ನಾಕು. ಒಂದ್ನ ಕರಡಿ ಕಿತ್ಕೊಂತು.”

“ಸರ್ಕಾರಿ ಜೀಪಿನವರು ಬಂದಾಗ ಕೇಳಿದ್ದು ಯಾರನ್ನ?”

“ನನ್ನೇ. ಮಂತ್ರಿಗೆ ಕಲ್ಸಿದೋರ್ ಎಸ್ರು ಯೋಳು ಅಂದ್ರು. ಗಂಡನ್ ಎಸ್ರ ನನ್ ಬಾಯಲ್ಲಿ ಯೆಂಗಂದೇನು ಸಾಮಿ? ಭಾವ ಪಕ್ಕದಲ್ಲೇ ಇದ್ರು. ಅವ್ರೇ ಯೋಳ್ಲಿ ಅಂತ ಕೈ ತೋರುಸ್ದೆ. ಬಂದೋರು ಅವ್ರೇ ಅನ್ಕೊಂಡು ಅವ್ರೆಸ್ರ ಬರ್ಕೊಂಡ್ರು. ಭಾವ ಸುಮ್ಕಿದ್ ಬುಟ್ರು.”

“ಕೊಳಲು ಎಲ್ಲಿ?”

“ಅವರ್ದು ಅವರಿಗೆ ಕೊಟ್ಟಿವ್ನಿ.”

ಅವಳೇ ಮುಂದೆ ನಡೆದಳು. ಊರಾಚೆ, ಸತ್ತವರಿಗೊಂದೊಂದು ಕಲ್ಲು ಇಡುವ ಜಾಗದಲ್ಲಿ ಹೊಸ ಕಲ್ಲಿನ ಪಕ್ಕದ ಮಣ್ಣು ಹಸಿಯಾಗಿತ್ತು. ಊರಿನ ಇಬ್ಬರ ಸಮಕ್ಷಮ ಪಂಚನಾಮೆ ನಡೆಯಿತು. ಮೊಳದಾಳದಲ್ಲಿ, ಹಳೆಯ ಸೀರೆ ತುಂಡಿನೊಳಗೆ ಕಂದು ಬಣ್ಣದ ಕೊಳಲು ಸಿಕ್ಕಿತು. ಅದರ ಒಂದು ತೂತಿನಲ್ಲಿ ಮೇಣ ಇನ್ನೂ ಅಂಟಿಕೊಂಡಿತ್ತು. ಉಸಿರು ಹರಿದ ಸಾಮಾನು ಉಸಿರು ನಿಂತವನ ಜೊತೆ ಮಣ್ಣಿಗೆ ಹೋಗಬೇಕೆಂಬುದು ಅವರ ಕುಲದ ಕಟ್ಟಳೆ. ಮಣ್ಣು ಮಾಡಿದ ದಿನ, ಫಾರಿನ್ ಸಾಮಾನು ಯಾಕೆ ಹಾಳು ಎಂದು ಅದನ್ನು ತಡೆದಿದ್ದು ದೊಡ್ಡಮಾದ.

ನಾಲ್ಕೂವರೆಗೆ ಮಮತ ಜಡೆಯಮ್ಮನನ್ನು ಬಂಧಿಸಿದಳು. ಪಕ್ಕದ ಬಂಡೆಯ ಮೇಲೆ ಕಾಗದವಿಟ್ಟು ಬರೆಯುತ್ತಾ ಸೆಲ್ವರಾಜ್ ಅಭ್ಯಾಸಬಲದಿಂದ ಕೇಳಿದರು. “ಗಂಡನ ಹೆಸರು?”

ಜಡೆಯಮ್ಮ ನೆಲ ನೋಡಿದಳು. ಆಮೇಲೆ, ದೂರದಲ್ಲಿ ನಿಂತಿದ್ದ ದೊಡ್ಡಮಾದ ಹತ್ತಿರ ಬಂದ.

“ಚಿಕ್ಕಯ್ಯ,” ಎಂದ. “ಬರ್ಕೊಳಿ ಸಾರ್. ಕೊಳ್ಲು ಅವನ್ದು. ಮಂತ್ರಿಗೆ ಕಲ್ಸಿದ್ದೂ ಅವ್ನೇ. ನಾನು ಆವತ್ತೇ ಯೋಳ್ಬೇಕಿತ್ತು. ಕಾರಲ್ ಕುಂತು ಡೆಲ್ಲಿ ನೋಡೋ ಆಸೆ ಆಗೋಯ್ತು.”

ವಸ್ತುವಿನ ವಾರಸುದಾರಳೇ ಆರೋಪಿಯಾದ್ದರಿಂದ ಪ್ರಕರಣ ನಿಲ್ಲುವುದಿಲ್ಲವೆಂದು ಸೆಲ್ವರಾಜ್‌ಗೆ ಆಗಲೇ ಗೊತ್ತಿತ್ತು. ಆದರೂ ಎಫ್‌ಐಆರ್ ಆದಮೇಲೆ ಕೋರ್ಟು ಕಾಣಲೇಬೇಕು. ಮರುದಿನ ಸತ್ಯಮಂಗಲದಲ್ಲಿ ಜಾಮೀನು ಸಿಕ್ಕಿತು. ಶುಕ್ರವಾರ ದೆಹಲಿಗೆ ತಾಳಮಲೆಯಿಂದ ಯಾರೂ ಹೋಗಲಿಲ್ಲ. ಸೆಲ್ವರಾಜ್ ತಮ್ಮ ವರದಿಯಲ್ಲಿ, ಆರೋಪಿಗೆ ಲಾಭದ ಉದ್ದೇಶವಿರಲಿಲ್ಲ, ಗಂಡನಿಗೆ ಸಲ್ಲಬೇಕಾದ್ದು, ಮೊದಲು ಕೊಳಲು, ಈಗ ಹೆಸರು, ಎರಡನೆಯ ಸಲವೂ ತಪ್ಪಿಹೋದ ಸಂಕಟವೇ ಕಾರಣ ಎಂದು ಬರೆದರು.

ಕೋರ್ಟಿನ ಅಪ್ಪಣೆ ಬರುವವರೆಗೆ ಕೊಳಲು ಠಾಣೆಯ ಬೀರುವಿನಲ್ಲಿ ಉಳಿಯಿತು. ಜಾಮೀನಿನ ಷರತ್ತಿನಂತೆ ಸಹಿ ಹಾಕಲು ಬಂದ ದಿನ ಜಡೆಯಮ್ಮ ಅದನ್ನೊಮ್ಮೆ ನೋಡಬೇಕೆಂದಳು. ಮಮತ ಹೊರತೆಗೆದು, ದಾರದಲ್ಲಿ ಕಟ್ಟಿದ್ದ ಚೀಟಿಯನ್ನು ಓದಿ ಹೇಳಿದಳು.

“ಮಾಲೀಕರು, ಚಿಕ್ಕಯ್ಯ. ತಾಳಮಲೆ.”

ಜಡೆಯಮ್ಮ ಸೆರಗನ್ನು ತಲೆ ಮೇಲೆ ಎಳೆದುಕೊಂಡಳು.

“ಇನ್ನೊಂದ್ಸಲ ಓದವ್ವ,” ಎಂದಳು.