'ದೇ' ಅಂದರೆ ಯಾರು?

"ಎರಡು ಸೋಮವಾರ ಆತ್ರಿ ಮಾಸ್ತರ, ಯಾಕ ಬರಲಿಲ್ಲ?"

ಸುರಪುರದ ಶಾಲೆಯ ಬಾಗಿಲಲ್ಲೇ ದೇವಕಮ್ಮ ಅಡ್ಡ ನಿಂತಳು. ಕೈಯಲ್ಲಿ ನೋಟ್‌ಬುಕ್ಕು, ಮುಖದ ತುಂಬ ಸಿಟ್ಟು!

"ಕೆಲಸ ಇತ್ರಿ..." ಇಂಗ್ಲಿಷ್ ಮಾಸ್ತರ ಅಂಬ್ರಪ್ಪ ತಲೆ ತಗ್ಗಿಸಿದ.

ಕೆಲಸವಂತೆ! ಆ ಮನುಷ್ಯನಿಗೆ ನೆಟ್ಟಗೆ ಸುಳ್ಳು ಹೇಳಲೂ ಬರುತ್ತಿರಲಿಲ್ಲ.

ಕನ್ನಡ ಸೀಮೆಗಳೆಲ್ಲ ಒಂದೇ ರಾಜ್ಯವಾಗಿ ಆಗಷ್ಟೇ ವರ್ಷವಾಗಿತ್ತು. ಉರ್ದುವಿನಲ್ಲಿ ಓದಿದ್ದ ದೇವಕಮ್ಮನಿಗೆ ಶಾಲೆಯಲ್ಲಿ ನೌಕರಿ ಸಿಗಬೇಕಾದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು. ಅವಳ ಅಪ್ಪ ಸಾಬಣ್ಣ ಕೇಳಿಕೊಂಡಿದ್ದಕ್ಕೆ ಅಂಬ್ರಪ್ಪ ಪ್ರತಿ ಸೋಮವಾರ ಅವರ ಮನೆಗೆ ಬಂದು, ಕಟ್ಟೆಯ ಮೇಲೆ ಕೂತು ಸರ್ವನಾಮ ಕಲಿಸುತ್ತಿದ್ದ. ಐ, ಯೂ, ಹಿ, ಶಿ... ಸರ್ವನಾಮ ಕಲಿಯುತ್ತಲೇ ಅವಳು ಮನಸ್ಸು ಕೊಟ್ಟುಬಿಟ್ಟಿದ್ದಳು.

ಈಗ ಪರೀಕ್ಷೆಗೆ ಹತ್ತೇ ದಿನ. ಮಾಸ್ತರನೇ ನಾಪತ್ತೆ!

"ನನ್ನ ಗಲತಿ ಏನ್ರಿ, ಏನು ತಪ್ಪು ಮಾಡೀನಿ?" ಅವಳು ನೋಟ್‌ಬುಕ್ಕನ್ನು ಮುಂದೆ ಹಿಡಿದಳು.

"ಹಿಂದಿನ ಪಾಠದ ದಿನ ಇದರಾಗ ನೀವು ಬರೆದದ್ದು ಓದಿದೆ. 'ದೇ ಕಮ್ ಆನ್ ಮಂಡೆ. ಫಾದರ್ ಲೈಕ್ಸ್ ದೆಮ್. ಐ ಲೈಕ್ ದೆಮ್.' ಸೋಮವಾರ ಗಂಡಿನ ಕಡೆಯವರು ಬರ್ತಾರ. ಅಪ್ಪಗೂ ಒಪ್ಪಿಗಿ, ನಿಮಗೂ ಒಪ್ಪಿಗಿ. ನಡುವ ನಾ ಯಾಕ ಬರ್ಲಿ?"

ದೇವಕಮ್ಮ ಬೆಪ್ಪಾದಳು. ಅಯ್ಯೋ ದೇವರೇ, ಇದಕ್ಕಾ!

"ಸೋಮವಾರ ನಮ್ಮನಿಗೆ ಬರೋರು ಯಾರ್ರಿ?"

"...ನಾನು."

"ಮತ್ತ! 'ಅವರು' ಅಂದ್ರ 'ದೇ' ಅಂತ ಕಲಿಸಿದವರು ನೀವೇ!"

ಅಂಬ್ರಪ್ಪ ಹಣೆ ಬಡಿದುಕೊಂಡ. ದಿನಾ ಶಾಲೆಯಲ್ಲಿ ಮಕ್ಕಳ ಇದೇ ತಪ್ಪು ತಿದ್ದುವವನಿಗೆ ಇವಳ ತಪ್ಪು ಮಾತ್ರ ಕಾಣಲಿಲ್ಲ ನೋಡಿ!

"ಒಬ್ಬರೇ ಇದ್ರ 'ಹಿ' ಅಂತ ಬರೀಬೇಕ್ರಿ. ಇಂಗ್ಲಿಷಿನಾಗ ಮರ್ಯಾದಿಗೆ ಬ್ಯಾರೆ ಸರ್ವನಾಮ ಇಲ್ಲ."

"ನಿಮ್ಮನ್ನ 'ಅವ' ಅಂತ ಹೆಂಗ ಬರೀಲಿ? ಕೈ ಬರಲಿಲ್ಲ..." ಅವಳ ಕಣ್ಣು ತುಂಬಿತು. "ಪ್ರಶ್ನೆ ಕೇಳೋ ಸರ್ವನಾಮ 'ಹೂ' ಅಂತನೂ ಕಲಿಸೀರಿ. ಯಾರು ಅಂತ ಒಂದು ಮಾತು ಕೇಳಿದ್ರ ಏನಾಗ್ತಿತ್ತು?"

"ನೀವು ಬ್ಯಾರೆಯವರ ಹೆಸರು ಹೇಳಿದ್ರ? ಅಂಜಿದೆ... ಹದಿನೈದು ದಿನ ಆತು, ಊಟ ಸೇರವಲ್ದು. ನನಗ ನೀವು ಬೇಕು ದೇವಕಮ್ಮ."

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಹಂಗಾದ್ರ ನಾಳೆ ಬರ್ರಿ. ಅಪ್ಪನ್ನ ಕೇಳ್ರಿ. ಪಾಠನೂ ಐತಿ!"

"ಬರ್ತೀನಿ. ಪರೀಕ್ಷಾದಾಗ ಮಾತ್ರ ಮರೀದೆ 'ಹಿ' ಅಂತ ಬರಿ."

'ಬರಿ'! 'ಬರೀರಿ' ಎನ್ನುವಲ್ಲಿ ಮಾಸ್ತರ ಮರ್ಯಾದೆಯ ಕೊನೆಯ 'ರಿ' ಬಿಟ್ಟದ್ದು ಇಬ್ಬರಿಗೂ ಗೊತ್ತಾಯಿತು. ಅವಳಿಗೆ ನಾಚಿಕೆಯಾಯಿತು, ಖುಷಿಯೂ ಆಯಿತು.

"ಬರೀತೀನ್ರಿ."

"ಲಗ್ನ ಆದ ಮ್ಯಾಗ ಏನಂತೀ? ಗಂಡನ ಹೆಸರು ಹೇಳಂಗಿಲ್ಲಲ್ಲ."

"ನಮ್ಮವರು," ಎಂದಳು ಮೆಲ್ಲಗೆ. "ಅದಕ್ಕ ಇಂಗ್ಲಿಷಿನಾಗ ಸರ್ವನಾಮ ಐತೇನ್ರಿ?"

ಅಂಬ್ರಪ್ಪ ಐ, ಯೂ, ಹಿ, ಶಿ ಎಂದು ಒಂದೊಂದೇ ಬೆರಳು ಮಡಚುತ್ತ ಹೋದ.

"ಇಲ್ಲ," ಎಂದ. "ಕನ್ನಡದಾಗೇ ಇನ್ನೊಮ್ಮೆ ಅನ್ನು."