ಕಪ್ಪೆಯ ಹೊಟ್ಟೆ ಬಿಚ್ಚಿದವಳು

“ಕೈ ತೆಗೀರಿ! ಕೈ ತೆಗೀರಿ ಅಂದೆ!”

ರಿಪೇರಿ ಅಂಗಡಿಯವನು ಮೇಜು ಹಾರಿಯೇ ಬಂದ. ಬಂದವನೇ ಅವಳ ಮಣಿಕಟ್ಟು ಹಿಡಿದೆಳೆದ.

ಅವಳೇನು ಮಾಡುತ್ತಿದ್ದಳು ಗೊತ್ತೇ? ಸ್ವಿಚ್ಚು ಕೊಳ್ಳಲು ಬಂದವಳು ಸ್ಟೂಲಿನ ಮೇಲೆ ಕುಳಿತು, ತನ್ನ ಚೀಲದಲ್ಲಿದ್ದ ಹಾಡುವ ಪ್ಲಾಸ್ಟಿಕ್ ಕಪ್ಪೆಯ ಹೊಟ್ಟೆ ಬಿಚ್ಚಿ, ಬೆರಳನ್ನು ನಾಲಿಗೆಗೆ ಒತ್ತಿ, ಆ ಒದ್ದೆ ಬೆರಳನ್ನು ನೇರ ಸರ್ಕ್ಯೂಟಿನ ಮೇಲಿಟ್ಟಿದ್ದಳು! ‘ಲಾ ಲಲಲಾ’ ಎನ್ನುತ್ತಿದ್ದ ಕಪ್ಪೆ ನೆಗಡಿ ಹಿಡಿದ ಕೋಣದಂತೆ ‘ಗ್ರೊಂಂಂಯ್ಯ್’ ಎಂದಿತ್ತು.

“ಶಾಕ್ ಹೊಡೆದಿದ್ರೆ?”

“ಪೆನ್ನು ಸೆಲ್ಲಿನ ಕಪ್ಪೆ ಕಣ್ರೀ ಇದು! ಗೋಡೆ ಕರೆಂಟಿನ ಸಾಮಾನು ನಾನು ಬಿಚ್ಚೋದೇ ಇಲ್ಲ. ಶಾಕ್ ಹೊಡೆದಿರೋದು ನಿಮಗೆ. ಕೈ ಬಿಡ್ತೀರಾ?”

ಅವನ ಕಿವಿ ಕೆಂಪಾಯಿತು. ಕೈ ಬಿಟ್ಟ... ಸ್ವಲ್ಪ ತಡವಾಗಿ.

“ನಾನು ಕೆಟ್ಟಿದ್ದನ್ನ ಸರಿ ಮಾಡೋನು. ನೀವು ಸರಿಯಿದ್ದಿದ್ದನ್ನ ಕೆಡಿಸ್ತಿದ್ದೀರಲ್ಲ!”

“ಪಾಪ, ಇದಕ್ಕೆ ಹೇಳಿಕೊಟ್ಟಿರೋದು ಒಂದೇ ಹಾಡು. ಹೊಟ್ಟೇಲಿ ಇನ್ನೇನೇನು ಇಟ್ಕೊಂಡಿದೆ ಅಂತ ಕೇಳ್ತಿದ್ದೀನಿ, ಅಷ್ಟೆ!”

ಮನೆಯಲ್ಲಿ ಅವಳ ಹೆಸರು ಗಿಲಕಿ. ಇಟ್ಟವನು ಅಣ್ಣ, ಗಿಟಾರ್ ತಂಡದ ಯಜಮಾನ. ಗಿಲಕಿಯ ಕೆಲಸ ಆಟಿಕೆ ಅಂಗಡಿಯ ಕೌಂಟರಿನಲ್ಲಿ. ಗಿರಾಕಿಗಳು ವಾಪಸು ತಂದ ಬೊಂಬೆ, ರೈಲು, ಕಪ್ಪೆಗಳೆಲ್ಲ ಸಂಜೆ ಅವಳ ಚೀಲ ಸೇರುತ್ತಿದ್ದವು. ಅಣ್ಣ ಮೂಲೆಗೆಸೆದ ಅಗ್ಗದ ಪೆಡಲನ್ನೂ, ಅಂದರೆ ಗಿಟಾರಿನ ಸದ್ದನ್ನು ಒರಟಾಗಿಸುವ ಆ ಡಬ್ಬಿಯನ್ನೂ, ಅವಳು ಬಿಟ್ಟಿರಲಿಲ್ಲ.

“ಇದೂ ಒಂದು ಸಂಗೀತನಾ? ಸುಮ್ನಿರೇ ಗಿಲಕಿ!” ಇದು ಅಣ್ಣನ ನಿತ್ಯಪಠಣ.

ಭಾನುವಾರದ ಸಭಾಂಗಣದ ಕಾರ್ಯಕ್ರಮದಲ್ಲಿ ಅವನೇ ಅವಳಿಗೆ ಐದು ನಿಮಿಷ ಕೊಟ್ಟಿದ್ದ. “ಮಧ್ಯದಲ್ಲಿ ಜನ ಸ್ವಲ್ಪ ನಗಲಿ ಅಂತ.”

“ನಗಲಿ ಬಿಡು,” ಎಂದಿದ್ದಳು ಗಿಲಕಿ. “ನಗೋಕಾದ್ರೂ ಕೇಳಲೇಬೇಕಲ್ಲ!”

ಕಪ್ಪೆ ಬಿಚ್ಚಿದ ಆ ದಿನದಿಂದ ರಿಪೇರಿ ಮೇಜಿನ ಒಂದು ಮೂಲೆ ಅವಳದಾಯಿತು. ಆಮೇಲೆ ಅರ್ಧ ಮೇಜು. ತಂತಿಯ ಒಂದು ತುದಿಯನ್ನು ಒಂದು ಕಡೆ ಒತ್ತಿ, ಇನ್ನೊಂದನ್ನು ಬೇರೆ ಬೇರೆ ಕಡೆ ತಾಗಿಸುತ್ತ ಹೋಗುವುದು. ಚೆಂದದ ಸದ್ದು ಬಂದರೆ ಗುರುತಿಗೆ ಅಲ್ಲೊಂದು ಕೆಂಪು ಮಸಿಯ ಚುಕ್ಕಿ. ಏನಾದರೂ ಬಿಸಿಯಾದರೆ ತಕ್ಷಣ ಸೆಲ್ಲು ಹೊರಗೆ. ವೇದಿಕೆಯಲ್ಲಿ ಆ ಚುಕ್ಕಿಗಳಿಗೆ ಕ್ಲಿಪ್ಪು ಕಚ್ಚಿಸಿ ನುಡಿಸುವುದು ಅವಳ ಲೆಕ್ಕಾಚಾರ. ನಡುನಡುವೆ ಅವನ ಗಿರಾಕಿಗಳ ಅಣಕು.

“‘ಏನಪ್ಪಾ, ನಮ್ಮ ಮಿಕ್ಸಿ ಬದುಕುತ್ತಾ?’” ಎಂದು ಮುದುಕರೊಬ್ಬರ ಗೊಗ್ಗರು ದನಿಯಲ್ಲಿ ಅವಳು ಕೇಳಿದರೆ, ನಗು ತಡೆಯಲಾರದೆ ಅವನ ಬೆಸುಗೆ ಕಡ್ಡಿ ದಾರಿ ತಪ್ಪುತ್ತಿತ್ತು.

‘ಇವನೊಬ್ಬನೇ ನನ್ನ ಸದ್ದಿಗೆ ಕಿವಿ ಮುಚ್ಚದವನು...’ ಎಂದು ಗಿಲಕಿಯ ಎದೆ ಪಿಸುಗುಟ್ಟುತ್ತಿತ್ತು.

ಭಾನುವಾರ ಬೆಳಿಗ್ಗೆ ಕಪ್ಪೆಯ ಸೆಲ್ಲಿನ ತಂತಿ ಕಿತ್ತುಬಂತು. “ಬೆಸೆದಿಡಿ,” ಎಂದು ಕೊಟ್ಟು ಕೆಲಸಕ್ಕೆ ಓಡಿದಳು. ಸಂಜೆ ಬಂದಾಗ ಅಂಗಡಿಯ ಮೆಟ್ಟಿಲಲ್ಲಿ ಅಣ್ಣ ನಗುತ್ತ ಇಳಿದುಹೋಗುತ್ತಿದ್ದ. ಒಳಗೆ ಮೇಜಿನ ಮೇಲೆ ಕಪ್ಪೆಯ ಹೊಟ್ಟೆಯೊಳಗಿನ ಸರ್ಕ್ಯೂಟು ಫಳಫಳ ಹೊಳೆಯುತ್ತಿತ್ತು.

ಚುಕ್ಕಿಗಳಿರಲಿಲ್ಲ... ಒಂದೂ!

ಕೆಲಸ ಮುಗಿದ ಸರ್ಕ್ಯೂಟನ್ನು ಸ್ಪಿರಿಟ್ ಹಚ್ಚಿ ಒರೆಸಿಯೇ ಕೊಡುವುದು ಅವನ ಪದ್ಧತಿ. ಒರೆಸಿದ್ದ.

“ಅಯ್ಯೋ... ನಾನು... ಅದು...” ಅವನ ಮುಖ ಬಿಳಿಚಿತು.

“ಅಣ್ಣ ಹೇಳಿಕೊಟ್ಟನಾ? ಇಬ್ಬರೂ ಸೇರಿ ನಕ್ಕಿರಾ?”

“ಇಲ್ಲಾರೀ! ಅವರು ಬಂದಿದ್ದು...”

“ಸಾಕು! ನೀವೂ ಅವರ ಪೈಕೀನೇ!”

ಕಪ್ಪೆಯ ಹೊಟ್ಟೆ ಮುಚ್ಚಿ, ಎತ್ತಿಕೊಂಡು ಹೊರಟಳು. ಕಣ್ಣು ತುಂಬಿತ್ತು, ಹೆಜ್ಜೆ ಮಾತ್ರ ನಿಲ್ಲಲಿಲ್ಲ.

ಸಭಾಂಗಣದಲ್ಲಿ ವಿಷಯ ಕೇಳಿ ಅಣ್ಣನೇ ಗಾಬರಿಯಾದ. “ಬೇಡ ಕಣೇ. ಗುರುತೇ ಇಲ್ಲದೆ ಏನು ನುಡಿಸ್ತೀಯಾ? ಮನೆಗೆ ಹೋಗು.”

“ಚುಕ್ಕಿ ಅಳಿಸಿದೆ. ನನ್ನ ಕಿವಿ ಯಾರೂ ಅಳಿಸಿಲ್ಲ!”

ವೇದಿಕೆ ಹತ್ತಿದಳು. ಎಲ್ಲರೆದುರೇ ಕಪ್ಪೆಯ ಹೊಟ್ಟೆ ಬಿಚ್ಚಿದಳು, ತಂತಿ ಎಳೆದು ಅಣ್ಣನ ಹಳೇ ಪೆಡಲಿಗೆ, ಪೆಡಲನ್ನು ಸ್ಪೀಕರಿಗೆ ಸಿಕ್ಕಿಸಿದಳು. ಬೆರಳು ನೆಕ್ಕಿದಳು. ಸಭೆ ಗೊಳ್ಳೆಂದಿತು.

‘ಲಾ ಲಲ... ಕ್ರಾಂಯ್... ಗ್ರೊಂಂಂ...’

ನಗು ಜೋರಾಯಿತು. ಅವಳು ಬೆರಳು ಸರಿಸಿದಳು, ಹುಡುಕಿದಳು. ಕಪ್ಪೆ ಥೇಟ್ ಆ ನಗುವಿನಂತೆಯೇ ‘ಗಹ್ ಗಹ್ ಗಹ್’ ಎಂದಿತು! ಮುಂದಿನ ಸಾಲು ಥಟ್ಟನೆ ಸುಮ್ಮನಾಯಿತು.

ಸಿಕ್ಕಿತು! ಆದರೆ ಬೆರಳೆತ್ತಿದರೆ ಸದ್ದು ಹೋಗುತ್ತದೆ. ಎರಡೂ ಕೈ ಕಪ್ಪೆಯ ಒಳಗೆ... ಪೆಡಲಿನ ಗುಂಡಿ ತಿರುಗಿಸುವವರು ಯಾರು?

ಯಾರೋ ಪಕ್ಕದಲ್ಲಿ ಮಂಡಿಯೂರಿದರು. ರಿಪೇರಿಯವನು! ಓಡಿ ಬಂದು ಏದುಸಿರು ಬಿಡುತ್ತಿದ್ದ.

“ಎಷ್ಟು ತಿರುಗಿಸ್ಲಿ?”

ಅವಳು ಅವನನ್ನೇ ದಿಟ್ಟಿಸಿದಳು. ಸಿಟ್ಟು ಇಳಿದಿರಲಿಲ್ಲ. ಆದರೂ... “ಪೂರ್ತಿ!”

ಗುಂಡಿ ತಿರುಗಿತು. ಕಪ್ಪೆಯ ಗಂಟಲಿನಿಂದ ಗುಡುಗು ಹೊರಟಿತು, ಗೋಡೆ ನಡುಗಿತು. ಅವಳ ಬೆರಳು ಒತ್ತಿದಂತೆ ಗುಡುಗು ಅತ್ತಿತು, ಕೆಣಕಿತು, ಕುಣಿಯಿತು. ಐದು ನಿಮಿಷ ಎಂದೋ ದಾಟಿತ್ತು. ನಿಲ್ಲಿಸು ಎನ್ನುವ ಧೈರ್ಯ ಅಣ್ಣನಿಗೂ ಬರಲಿಲ್ಲ.

ಚಪ್ಪಾಳೆಗೆ ತಲೆಬಾಗದೆ, ತಲೆಯೆತ್ತಿಯೇ ಅವಳು ಇಳಿದಳು.

ಎದುರಿಗೆ ಅಣ್ಣ ತಲೆ ಕೆರೆಯುತ್ತ ನಿಂತಿದ್ದ. “ನಾನು ಅವನಂಗಡಿಗೆ ಹೋಗಿದ್ದು ಕೇಬಲ್ ತರೋಕೆ ಕಣೇ. ‘ನಿಮ್ಮ ತಂಗಿ ನುಡಿಸಿದ್ಮೇಲೆ ನಿಮ್ಮ ಗಿಟಾರ್ ಯಾರು ಕೇಳ್ತಾರೆ’ ಅಂದ. ಅದಕ್ಕೆ ನಗು ಬಂತು... ಈಗ ಬರ್ತಿಲ್ಲ.”

ಹಿಂಬಾಗಿಲ ಮೆಟ್ಟಿಲ ಮೇಲೆ ರಿಪೇರಿಯವನು ಒಬ್ಬನೇ ಕುಳಿತಿದ್ದ.

“ಯಾಕ್ರೀ ಒರೆಸಿದ್ರಿ? ನಿಜ ಹೇಳಿ.”

“ಕೈ ಅದರ ಪಾಡಿಗೆ ಒರೆಸ್ತಿತ್ತು. ತಲೇಲಿ ನೀವಿದ್ರಿ. ವೇದಿಕೆ ಮೇಲೆ ಹೇಗೆ ಕಾಣ್ತೀರೋ ಅಂತ... ನೋಡ್ಕೊಂಡಾಗ ಎಲ್ಲ ಹೋಗಿತ್ತು.” ಅವನು ಅವಳತ್ತ ತಿರುಗಿದ. “ಕ್ಷಮಿಸ್ಬೇಡಿ ಬೇಕಾದ್ರೆ. ಆದ್ರೆ ಬರೋದು ಮಾತ್ರ ನಿಲ್ಲಿಸ್ಬೇಡಿ.”

ಗಿಲಕಿ ಪಕ್ಕದಲ್ಲಿ ಕುಳಿತಳು. “ಇಷ್ಟೇನಾ? ಇನ್ನೂ ಏನೋ ಗಂಟಲಲ್ಲೇ ಇದೆ. ಹೇಳು!”

‘ಹೇಳು’ ಎಂಬ ಆ ಏಕವಚನ ಅವನಿಗೆ ಧೈರ್ಯ ತಂದಿತು.

“ನನ್ನ ಜೊತೆ ಇರ್ತೀಯಾ?”

“ಇರ್ತೀನಿ. ಆದ್ರೆ ಸುಮ್ನೆ ಇರಲ್ಲ!”

“ಗೊತ್ತು ಮಾರಾಯ್ತಿ,” ಎಂದ ಅವನು, ಅವಳ ಕೈ ಹಿಡಿದು. “ಅದಕ್ಕೇ ಕೇಳ್ತಿರೋದು.”